ಹಾರದ ಮೇಲೆ ಬರೆದ ಹೆಸರು ಯಾರದು? – ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳೇ ಒಡವೆಗಳ ಬಗ್ಗೆ ಕೇಳೋದಿದ್ರೆ ಬರೀರಿ ಅಂತ ಹೋದ ಸಂಚಿಕೆಯಲ್ಲಿ ಹೇಳಿದ್ದೇ ತಡ, ಪತ್ರಗಳು, ಮೆಸೇಜುಗಳು ಬಂದು ಬಿದ್ದಿವೆ, ಎಲ್ಲರಿಗೂ ಥ್ಯಾಂಕ್ಸ್. ಜಾಸ್ತಿ ಜನ ಕೇಳಿರೋದು ಮೊಘಲರ ವಜ್ರದ ಬಗ್ಗೆ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ ಬಿಟ್ಟಿದ್ದೀನಿ.

ಪ್ರಶ್ನೆ: ಹಾಲಿವುಡ್ ನಟಿ ಎಲಿಜಬೆತ್ ಟೇಲರ್ ಹತ್ರ ‘ತಾಜ್ ಮಹಲ್’ ಅನ್ನೋ ಹೆಸರಿನ ವಜ್ರದ ಹಾರ ಇತ್ತಂತೆ. ಷಾಜಹಾನ್ ಮುಮ್ತಾಜಳಿಗೆ ಕೊಟ್ಟಿದ್ದ ಹಾರ ಅದು ಅಂತ ಒಂದು ವಿಡಿಯೋದಲ್ಲಿ ಹೇಳಿದ್ರು. ನಿಜಾನಾ ಸರ್? ದಾಖಲೆ ಏನಾದ್ರೂ ಇದೆಯಾ? – ಹುಬ್ಬಳ್ಳಿಯ ಓದುಗರೊಬ್ಬರು

ಉತ್ತರ: ಹಾರ ಇದ್ದಿದ್ದು ನಿಜ. ಆಕೆಯ ಗಂಡ, ನಟ ರಿಚರ್ಡ್ ಬರ್ಟನ್, 1972ರ ಫೆಬ್ರವರಿಯಲ್ಲಿ ಆಕೆಯ 40ನೇ ಹುಟ್ಟುಹಬ್ಬಕ್ಕೆ ಕಾರ್ಟಿಯೇ ಅನ್ನೋ ಒಡವೆ ಕಂಪನಿಯಿಂದ ತಗೊಂಡು ಕೊಟ್ಟಿದ್ದು. ಆದ್ರೆ ನೀವು ಕೇಳಿರೋದು ಅದಕ್ಕೂ ಹಿಂದಿನ ಕತೆ ಅಲ್ವಾ, ಅಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು.

ಮೊದಲು ಆ ಪದಕವನ್ನ ಸರಿಯಾಗಿ ನೋಡೋಣ. ನಡುವೆ ಒಂದು ಚಪ್ಪಟೆ ವಜ್ರ. ಹೃದಯದ ಆಕಾರ ಅಂತ ಎಲ್ಲರೂ ಬರೀತಾರೆ, ನನ್ನ ಕಣ್ಣಿಗೆ ಮಾತ್ರ ಅದು ಅರಳಿ ಎಲೆ ತರಾನೇ ಕಾಣೋದು. ಈಗಿನ ವಜ್ರದ ಹಾಗೆ ಹತ್ತಾರು ಮುಖ ಕೊಯ್ದು ಮಿಂಚೋ ಹಾಗೆ ಮಾಡಿದ್ದಲ್ಲ, ಮೇಲ್ಭಾಗವನ್ನ ಸಪಾಟಾಗಿ ಕನ್ನಡಿ ಹಾಗೆ ಉಜ್ಜಿದ್ದು, ಇದಕ್ಕೆ ಟೇಬಲ್ ಕಟ್ ಅಂತಾರೆ. ಅದರ ಸುತ್ತ ಕೆಂಪು ಕಲ್ಲು, ಜೇಡ್ ಕಲ್ಲಿನ ಚೌಕಟ್ಟು, ಅದರೊಳಗೆ ಸಣ್ಣ ಸಣ್ಣ ವಜ್ರ ಮತ್ತು ಕೆಂಪು ಕೂರಿಸಿದ್ದಾರೆ. ಮೊದಲು ರೇಷ್ಮೆ ದಾರದಲ್ಲಿ ಪೋಣಿಸಿ ಹಾಕ್ಕೊಳ್ಳೋ ಪದಕ ಅದು. ಆ ದಾರದ ನೆನಪಿಗೇ ಕಾರ್ಟಿಯೇದವರು ದಾರದಂತೆ ಕಾಣೋ ಚಿನ್ನ ಮತ್ತು ಕೆಂಪಿನ ಚೈನ್ ಮಾಡಿ ಸೇರಿಸಿದ್ರು. ಅಂದ್ರೆ ನಾವು ಫೋಟೋದಲ್ಲಿ ನೋಡೋ ಹಾರದಲ್ಲಿ ಪದಕ ಒಂದು ಕಾಲದ್ದು, ಸರ ಇನ್ನೊಂದು ಕಾಲದ್ದು. ಇದನ್ನ ಹೇಳದೇ ಇಡೀ ಹಾರವನ್ನೇ ಮೊಘಲ್ ಹಾರ ಅಂತ ಹೇಳೋದು ಸರಿಯಲ್ಲ.

ಈಗ ಮುಖ್ಯ ವಿಷಯ. ಆ ವಜ್ರದ ಮೇಲೆ ಪರ್ಷಿಯನ್ ಲಿಪಿಯಲ್ಲಿ ಕೆತ್ತಿದ್ದಾರೆ. ಏನಂತ? ‘ನೂರ್ ಜಹಾನ್ ಬೇಗಮ್-ಎ-ಪಾದ್‌ಶಾಹ್’, ಅಂದ್ರೆ ಪಾದ್‌ಶಾಹನ, ಅಂದ್ರೆ ಚಕ್ರವರ್ತಿಯ, ಬೇಗಮ್ ನೂರ್ ಜಹಾನ್. ಜೊತೆಗೆ ಎರಡು ಸಂಖ್ಯೆ, 23 ಮತ್ತು 1037. ಮುಮ್ತಾಜಳ ಹೆಸರೂ ಇಲ್ಲ, ಷಾಜಹಾನನ ಹೆಸರೂ ಇಲ್ಲ! ನೂರ್ ಜಹಾನ್ ಅಂದ್ರೆ ಜಹಾಂಗೀರನ ಹೆಂಡತಿ, ಮುಮ್ತಾಜಳಿಗೆ ಸೋದರತ್ತೆ, ಅಂದ್ರೆ ಮುಮ್ತಾಜಳ ಅಪ್ಪ ಆಸಫ್ ಖಾನನ ಸ್ವಂತ ತಂಗಿ. ತನ್ನ ಹೆಸರಲ್ಲಿ ನಾಣ್ಯ ಹಾಕಿಸಿದ ಹೆಣ್ಣುಮಗಳು ಅವಳು, ವಜ್ರದ ಮೇಲೆ ಹೆಸರು ಬರೆಸಿದ್ರೆ ಆಶ್ಚರ್ಯ ಪಡೋ ಹಾಗಿಲ್ಲ. ಅವಳ ಹೆಸರು ಇಷ್ಟು ಸ್ಪಷ್ಟವಾಗಿ ಕಲ್ಲಿನ ಮೇಲೇ ಇದ್ರೂ ಹಾರದ ಹೆಸರು ಮಾತ್ರ ಸೊಸೆಯ ಗೋರಿಯದ್ದು, ಇದು ನನಗೆ ತುಂಬಾ ಬೇಜಾರಾಗೋ ವಿಷಯ.

ಆ ಸಂಖ್ಯೆಗಳನ್ನೂ ನೋಡಿ. 1037 ಹಿಜರಿ ವರ್ಷ, ಅದು ನಮ್ಮ ಲೆಕ್ಕದಲ್ಲಿ 1627ರ ಸೆಪ್ಟೆಂಬರ್‌ನಿಂದ 1628ರ ಆಗಸ್ಟ್‌ವರೆಗೆ. 23 ಅನ್ನೋದನ್ನ ಜಹಾಂಗೀರನ ಪಟ್ಟದ 23ನೇ ವರ್ಷ ಅಂತ ಓದಬಹುದು, ಅವನು ಸಿಂಹಾಸನ ಏರಿದ್ದು 1605ರಲ್ಲಿ, ಚಾಂದ್ರಮಾನದ ಪ್ರಕಾರ ಲೆಕ್ಕ ಹಾಕಿದ್ರೆ ಕೂಡುತ್ತೆ. ಆದ್ರೆ ಅವನು 1627ರ ಅಕ್ಟೋಬರ್ ಕೊನೆಗೆ ಕಾಶ್ಮೀರದಿಂದ ವಾಪಸ್ ಬರೋ ದಾರಿಯಲ್ಲೇ ತೀರಿಕೊಂಡ. ಅಂದ್ರೆ 1037 ಶುರುವಾದ ಮೇಲೆ ಅವನು ಬದುಕಿದ್ದು ಎರಡು ತಿಂಗಳು ಮಾತ್ರ. ಹೀಗೆ ಓದಿದ್ರೆ ಈ ಅಕ್ಷರಗಳು ನೂರ್ ಜಹಾನ್ ‘ಪಾದ್‌ಶಾಹನ ಬೇಗಮ್’ ಆಗಿದ್ದ ಕೊನೇ ವಾರಗಳಲ್ಲಿ ಕೆತ್ತಿದ್ದು. ಅದಾದ ಮೇಲೆ ಷಾಜಹಾನ್ ಗದ್ದುಗೆಗೆ ಬಂದ, ಇವಳು ವರ್ಷಕ್ಕೆ ಎರಡು ಲಕ್ಷ ರೂಪಾಯಿ ಪಿಂಚಣಿ ತಗೊಂಡು ಲಾಹೋರಿನಲ್ಲಿ ಉಳಿದ ಆಯುಸ್ಸು ಕಳೆದಳು, ತೀರಿಕೊಂಡಿದ್ದು 1645ರಲ್ಲಿ. ಒಂದು ಸಣ್ಣ ಕಲ್ಲಿನ ಮೇಲಿನ ಒಂದು ಸಾಲು ಇಷ್ಟೆಲ್ಲಾ ಹೇಳುತ್ತೆ.

ಷಾಜಹಾನನ ಕೈಗೆ ಬಂತು, ಅವನು ಮುಮ್ತಾಜಳಿಗೆ ಕೊಟ್ಟ ಅನ್ನೋ ಭಾಗ ಇದ್ಯಲ್ಲ, ಅದು ಬಾಯಿಂದ ಬಾಯಿಗೆ ಬಂದ ಮಾತು. ಅರಮನೆಯ ಖಜಾನೆ ಅವನ ಪಾಲಾಯ್ತು, ಆದ್ದರಿಂದ ಇದೂ ಅವನಿಗೆ ಹೋಗಿರಬಹುದು ಅಂತ ಊಹಿಸಬಹುದು. ಊಹೆ ಊಹೇನೇ. ಮುಮ್ತಾಜ್ 1631ರಲ್ಲೇ ಬುರ್ಹಾನ್‌ಪುರದಲ್ಲಿ ತೀರಿಕೊಂಡಳು. ಕೊಟ್ಟಿದ್ರೂ ಅವಳು ಹಾಕ್ಕೊಂಡಿದ್ದು ಮೂರು ವರ್ಷ ಇರಬಹುದು ಅಷ್ಟೇ.

ಪ್ರಶ್ನೆ: ಅದೇ ಹಾರ ಹರಾಜಾಗಿ ಆಮೇಲೆ ಕೋರ್ಟಿಗೆ ಹೋಯ್ತು ಅಂತ ಎಲ್ಲೋ ಓದಿದ ನೆನಪು. ಯಾಕೆ? – ಮೈಸೂರಿನ ನಿವೃತ್ತ ಉಪಾಧ್ಯಾಯಿನಿ

ಉತ್ತರ: ಹೌದು ಮೇಡಂ. ಟೇಲರ್ 2011ರ ಮಾರ್ಚ್‌ನಲ್ಲಿ ತೀರಿಕೊಂಡ್ರು, ಅದೇ ವರ್ಷ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಕ್ರಿಸ್ಟೀಸ್ ಅನ್ನೋ ಹರಾಜು ಸಂಸ್ಥೆಯಲ್ಲಿ ಅವರ ಒಡವೆಗಳ ಹರಾಜು. ಈ ಹಾರಕ್ಕೆ 3ರಿಂದ 5 ಲಕ್ಷ ಡಾಲರ್ ಬರಬಹುದು ಅಂತ ಅಂದಾಜು ಹಾಕಿದ್ರು, ಹೋಗಿದ್ದು 88 ಲಕ್ಷ ಡಾಲರ್‌ಗೆ. ಆಮೇಲೆ ಕೊಂಡವರಿಗೆ ಇದು ನಿಜವಾಗಲೂ ಮೊಘಲ್ ಕಾಲದ್ದೇನಾ ಅಂತ ಅನುಮಾನ ಬಂದು ವ್ಯಾಪಾರ ರದ್ದು ಮಾಡಿ ಅಂದ್ರು. ಹರಾಜು ಸಂಸ್ಥೆ ರದ್ದು ಮಾಡ್ತು, ಟೇಲರ್ ಹೆಸರಿನ ಟ್ರಸ್ಟ್ ಅದನ್ನ ಒಪ್ಪದೇ ನ್ಯೂಯಾರ್ಕ್ ಕೋರ್ಟ್ ಮೆಟ್ಟಿಲು ಹತ್ತಿತು.

ಇಲ್ಲಿ ಗಮನಿಸಬೇಕಾದ್ದು ಏನಂದ್ರೆ, ಅಂದಾಜಿಗೂ ಹೋದ ಬೆಲೆಗೂ ನಡುವೆ ಇರೋ 80 ಲಕ್ಷಕ್ಕೂ ಹೆಚ್ಚು ಡಾಲರ್ ವಜ್ರದ ತೂಕಕ್ಕೆ ಕೊಟ್ಟಿದ್ದಲ್ಲ, ಕತೆಗೆ ಕೊಟ್ಟಿದ್ದು. ನೂರ್ ಜಹಾನ್, ಷಾಜಹಾನ್, ಬರ್ಟನ್, ಟೇಲರ್ ಎಲ್ಲಾ ಸೇರಿದ ಕತೆಗೆ. ಅದರಲ್ಲಿ 1972ರ ಈಚೆಗಿನದ್ದಕ್ಕೆ ಫೋಟೋ ಇದೆ, ಬಿಲ್ ಇದೆ, ಪೇಪರ್ ಸುದ್ದಿ ಇದೆ. 1628ಕ್ಕಿಂತ ಹಿಂದಿನದ್ದಕ್ಕೆ ಕಲ್ಲಿನ ಮೇಲೆ ಅಕ್ಷರ ಇದೆ. ನಡುವೆ ಮುನ್ನೂರು ವರ್ಷ ಯಾರ ಪೆಟ್ಟಿಗೆಯಲ್ಲಿತ್ತು, 1739ರಲ್ಲಿ ನಾದಿರ್ ಷಾ ದೆಹಲಿ ಲೂಟಿ ಮಾಡಿದಾಗ ಎಲ್ಲಿತ್ತು ಅಂತ ಒಂದೊಂದೇ ಹೆಜ್ಜೆ ತೋರಿಸಿ ಕೊಡೋ ಕಾಗದವನ್ನ ಯಾರೂ ಮುಂದಿಟ್ಟಿಲ್ಲ. ಒಡವೆ ವ್ಯವಹಾರದಲ್ಲಿ ಇದಕ್ಕೆ ಪ್ರಾವೆನೆನ್ಸ್ ಅಂತಾರೆ, ನಮ್ಮ ಜಮೀನಿನ ಮೂಲಪತ್ರ ಇದ್ದ ಹಾಗೆ ಅಂದ್ಕೊಳ್ಳಿ. ನಡುವಿನ ಎರಡು ತಲೆಮಾರಿನ ಪತ್ರ ಇಲ್ಲದ ಸೈಟನ್ನ ಬ್ಯಾಂಕಿನವರು ಅಡ ಇಟ್ಕೊಳ್ತಾರಾ? ಇದೂ ಹಾಗೇನೇ.

ಪ್ರಶ್ನೆ: ವಜ್ರ ಎಲ್ಲಕ್ಕಿಂತ ಗಟ್ಟಿ ಅಂತಾರೆ, ಮತ್ತೆ ಅದರ ಮೇಲೆ ಆ ಕಾಲದಲ್ಲಿ ಅಕ್ಷರ ಹೆಂಗೆ ಕೊರೆದ್ರು? ನಮ್ಮದು ಅಕ್ಕಸಾಲಿ ಮನೆತನ, ಅಪ್ಪನೂ ಇದನ್ನೇ ಕೇಳ್ತಾ ಇದ್ರು. – ಸಾಗರದಿಂದ

ಉತ್ತರ: ನಿಮ್ಮ ತಂದೆಯವರಿಗೆ ನಮಸ್ಕಾರ ಹೇಳಿ. ವಜ್ರವನ್ನ ವಜ್ರದಿಂದಾನೇ ಕೊರೀಬೇಕು, ಬೇರೆ ದಾರಿನೇ ಇಲ್ಲ. ವಜ್ರದ ಮೊನೆ ಕೂರಿಸಿದ ಕಡ್ಡಿ, ವಜ್ರದ ಪುಡಿ, ಮತ್ತೆ ಲೆಕ್ಕ ಇಲ್ಲದಷ್ಟು ತಾಳ್ಮೆ. ಅದಕ್ಕೇ ಅಕ್ಷರ ಇರೋ ಮೊಘಲ್ ವಜ್ರಗಳು ಬೆರಳೆಣಿಕೆ. ಆ ಕಾಲದ ಅರಸರು ಜಾಸ್ತಿ ಹೆಸರು ಬರೆಸಿದ್ದು ಕೆಂಪು ಬಣ್ಣದ ಸ್ಪಿನೆಲ್ ಕಲ್ಲಿನ ಮೇಲೆ, ಅದು ವಜ್ರಕ್ಕಿಂತ ಮೆದು. ಮಧ್ಯ ಏಷ್ಯಾದ ಬದಖ್‌ಶಾನ್ ಕಡೆಯಿಂದ ಬರ್ತಿತ್ತು, ಎಲ್ಲರೂ ಅದನ್ನ ಮಾಣಿಕ್ಯದ ಸಾಲಿಗೇ ಸೇರಿಸ್ತಿದ್ರು. ಎರಡೂ ಬೇರೆ ಬೇರೆ ಖನಿಜ ಅಂತ ಯೂರೋಪಿನ ವಿಜ್ಞಾನದಲ್ಲಿ ಖಚಿತ ಆಗಿದ್ದು 1783ರಲ್ಲಿ.

ಇನ್ನೊಂದು ವಿಷಯ ನಿಮ್ಮ ಮನೆಯವರಿಗೆ ಖುಷಿ ಕೊಡಬಹುದು. ಮೊಘಲರ ತೂಕ ರತಿ, ಅಂದ್ರೆ ನಮ್ಮ ಗುಲಗಂಜಿನೇ! ಜಹಾಂಗೀರ್ ತನ್ನ ಆತ್ಮಕತೆಯಲ್ಲಿ ಕಲ್ಲುಗಳ ತೂಕ ಬರೆಯುವಾಗ ಟಾಂಕ್, ಸುರ್ಖ್ ಅಂತ ಬರೀತಾನೆ, ಸುರ್ಖ್ ಅಂದ್ರೆ ಕೆಂಪು, ಅದೇ ಕೆಂಪು ಗುಲಗಂಜಿ. ಈ ಗುಲಗಂಜಿ ಲೆಕ್ಕದಿಂದ ಒಂದು ದೊಡ್ಡ ಜಗಳಾನೇ ಆಗಿದೆ. ಫ್ರೆಂಚ್ ವಜ್ರ ವ್ಯಾಪಾರಿ ತಾವೆರ್ನಿಯೆ 1665ರ ನವೆಂಬರ್‌ನಲ್ಲಿ ಔರಂಗಜೇಬನ ಒಡವೆಗಳನ್ನ ಕೈಯಲ್ಲಿ ಹಿಡಿದು ನೋಡಿದ, ಅದರಲ್ಲಿ ‘ಗ್ರೇಟ್ ಮೊಗಲ್’ ಅನ್ನೋ ವಜ್ರ ಮುನ್ನೂರ ಹತ್ತೊಂಬತ್ತೂವರೆ ರತಿ ತೂಗಿತು ಅಂತ ಬರೆದಿದ್ದಾನೆ. ಒಂದು ರತಿಗೆ ಮುಕ್ಕಾಲು ಕ್ಯಾರೆಟ್‌ಗಿಂತ ಸ್ವಲ್ಪ ಜಾಸ್ತಿ, ಎಂಟರಲ್ಲಿ ಏಳು ಭಾಗ ಅಂತ ಹಿಡಿದು ಸುಮಾರು 280 ಕ್ಯಾರೆಟ್ ಅಂದ. ಆದ್ರೆ ಹಗುರ ರತಿ ಹಿಡಿದ್ರೆ ಅದೇ ಕಲ್ಲು 190ಕ್ಕೂ ಕೆಳಗೆ ಬರುತ್ತೆ, ಅದು ಇಂಗ್ಲೆಂಡಿಗೆ ಹೋದಾಗ 186 ಕ್ಯಾರೆಟ್ ಇದ್ದ ಕೊಹಿನೂರಿನ ಹತ್ತಿರದ ತೂಕ. ಅದಕ್ಕೇ ಎರಡೂ ಒಂದೇನಾ ಅಂತ ವಿದ್ವಾಂಸರು ಬಹಳ ಕಾಲದಿಂದ ವಾದ ಮಾಡ್ತಾನೇ ಇದ್ದಾರೆ. ಗುಲಗಂಜಿಯಷ್ಟು ವ್ಯತ್ಯಾಸ ಅಂತ ನಾವು ಸುಮ್ಮನೆ ಅಂತೀವಲ್ಲ, ಇಲ್ಲಿ ಆ ವ್ಯತ್ಯಾಸದ ಮೇಲೇ ಇಡೀ ಚರಿತ್ರೆ ನಿಂತಿದೆ.

ಪ್ರಶ್ನೆ: ಹಾಗಾದ್ರೆ ಪಕ್ಕಾ ದಾಖಲೆ ಇರೋ ಮೊಘಲ್ ಒಡವೆ ಅಂತ ಯಾವುದೂ ಇಲ್ವಾ? ಎಲ್ಲಾ ಕಟ್ಟುಕತೆನೇನಾ? – ದಾವಣಗೆರೆಯ ಕಾಲೇಜು ವಿದ್ಯಾರ್ಥಿ

ಉತ್ತರ: ಖಂಡಿತ ಇದೆ, ಬೇಸರ ಮಾಡ್ಕೋಬೇಡಿ. ನನಗೆ ತುಂಬಾ ಇಷ್ಟವಾದ ಕೆಲವನ್ನ ಹೇಳ್ತೀನಿ.

ಮೊದಲನೇದು ಕುವೈತಿನ ಅಲ್-ಸಬಾಹ್ ಸಂಗ್ರಹದಲ್ಲಿರೋ 249.3 ಕ್ಯಾರೆಟ್‌ನ ಸ್ಪಿನೆಲ್. ಅದರ ಮೇಲೆ ಆರು ಜನ ಅರಸರ ಹೆಸರಿದೆ. ಮೊಘಲರ ಪೂರ್ವಜ ತೈಮೂರನ ಮೊಮ್ಮಗ ಉಲುಗ್ ಬೇಗ್, ಪರ್ಷಿಯಾದ ಷಾ ಅಬ್ಬಾಸ್, ಆಮೇಲೆ ಜಹಾಂಗೀರ್, ಷಾಜಹಾನ್, ಔರಂಗಜೇಬ್, ಕೊನೆಗೆ ಅಫ್ಘಾನಿಸ್ತಾನದ ಅಹ್ಮದ್ ಷಾ ದುರಾನಿ. ಹದಿನೈದನೇ ಶತಮಾನದಿಂದ ಹದಿನೆಂಟನೇ ಶತಮಾನದ ತನಕ ಕೈ ಬದಲಾದ ಲೆಕ್ಕ ಕಲ್ಲಿನ ಮೇಲೇ ಬರೆದಿಟ್ಟ ಹಾಗೆ. ಅದಕ್ಕಿಂತ ಚೆಂದ ಏನಂದ್ರೆ, ಜಹಾಂಗೀರನೇ ತನ್ನ ಆತ್ಮಕತೆಯಲ್ಲಿ, ಷಾ ಅಬ್ಬಾಸ್ ನನಗೆ ಉಲುಗ್ ಬೇಗನ ಹೆಸರಿರೋ ಕೆಂಪು ಕಲ್ಲೊಂದನ್ನ ಕಳಿಸಿದ, ಅದು ನಮ್ಮ ಪೂರ್ವಜರ ಖಜಾನೆಯದ್ದು ಅಂತ ನನಗೆ ಸಂತೋಷ ಆಯ್ತು, ಅಕ್ಕಸಾಲಿಗಳ ಮುಖ್ಯಸ್ಥ ಸೈದಾನಿಗೆ ಹೇಳಿ ನನ್ನ ಹೆಸರನ್ನೂ ಕೆತ್ತಿಸಿದೆ ಅನ್ನೋ ಅರ್ಥದಲ್ಲಿ ಬರೆದಿದ್ದಾನೆ. ಈ ಸೈದಾ-ಎ-ಗಿಲಾನಿ ಇರಾನಿನ ಗಿಲಾನ್ ಕಡೆಯವನು, ಕವಿ, ಲಿಪಿಕಾರ, ಅಕ್ಕಸಾಲಿ ಎಲ್ಲಾನೂ, ಮುಂದೆ ಮಯೂರ ಸಿಂಹಾಸನದ ಕೆಲಸ ನೋಡಿಕೊಂಡವನೂ ಇವನೇ. ಪುಸ್ತಕದಲ್ಲಿ ಒಂದು ಸಾಲು, ಕಲ್ಲಿನ ಮೇಲೆ ಅದೇ ಸಾಲಿಗೆ ಸಾಕ್ಷಿ. ಎರಡು ಕಡೆ ಬರೆದಿದ್ದು ಹೀಗೆ ತಾಳೆ ಆದ್ರೆ ಅದಕ್ಕಿಂತ ಇನ್ನೇನು ಬೇಕು ಹೇಳಿ.

ಮಜಾ ಏನಂದ್ರೆ ಬಹಳ ಕಾಲ ಈ ಕತೆಯನ್ನ ಬೇರೆ ಕಲ್ಲಿಗೆ ಅಂಟಿಸಿದ್ರು. ಬ್ರಿಟಿಷ್ ರಾಜಮನೆತನದ ಹತ್ರ ‘ತೈಮೂರ್ ರೂಬಿ’ ಅನ್ನೋ ದೊಡ್ಡ ಸ್ಪಿನೆಲ್ ಇದೆ, 350 ಕ್ಯಾರೆಟ್‌ಗೂ ಮೇಲೆ. 1849ರಲ್ಲಿ ಲಾಹೋರ್ ಖಜಾನೆಯಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯ್ತು, 1851ರಲ್ಲಿ ವಿಕ್ಟೋರಿಯಾ ರಾಣಿಗೆ ಕೊಟ್ರು, 1853ರಲ್ಲಿ ಲಂಡನ್‌ನ ಗ್ಯಾರಾರ್ಡ್ ಕಂಪನಿ ಅದನ್ನ ವಜ್ರದ ನೆಕ್ಲೇಸ್‌ಗೆ ಕೂರಿಸ್ತು. ಅದರ ಮೇಲೂ ಜಹಾಂಗೀರನಿಂದ ಅಹ್ಮದ್ ಷಾ ದುರಾನಿಯ ತನಕ ಹೆಸರುಗಳಿವೆ. ತೈಮೂರನ ಹೆಸರು ಮಾತ್ರ ಇಲ್ಲ! ಹೆಸರಲ್ಲೇ ತೈಮೂರ್ ಇದ್ರೂ ಕಲ್ಲಿಗೂ ಅವನಿಗೂ ಸಂಬಂಧ ಇಲ್ಲ ಅಂತ ವಿದ್ವಾಂಸರು ಅಕ್ಷರಗಳನ್ನ ಕೂತು ಓದಿ ತೋರಿಸಿದ ಮೇಲೇ ಗೊತ್ತಾಗಿದ್ದು. ನೋಡಿ, ಇಲ್ಲೂ ಅದೇ ಕತೆ, ಕಲ್ಲು ಹೇಳೋದೊಂದು, ಜನ ಇಟ್ಟ ಹೆಸರು ಇನ್ನೊಂದು.

ಇನ್ನೊಂದು ಅಪ್ಪಟ ವಜ್ರ, ಮಾಸ್ಕೋದ ಕ್ರೆಮ್ಲಿನ್‌ನಲ್ಲಿದೆ, ಹೆಸರು ‘ಷಾ’. 88.7 ಕ್ಯಾರೆಟ್, ಉದ್ದಕ್ಕೆ, ಸ್ವಲ್ಪ ಹಳದಿ ಛಾಯೆ. ಅದರ ಮೊದಲ ಹೆಸರು ಮೊಘಲರದ್ದಲ್ಲ, ನಮ್ಮ ದಖನ್ನಿನದ್ದು, ಅಹ್ಮದ್‌ನಗರದ ಎರಡನೇ ಬುರ್ಹಾನ್ ನಿಜಾಮ್ ಷಾ, ಹಿಜರಿ 1000, ಅಂದ್ರೆ ಸುಮಾರು 1591. ಆಮೇಲೆ ಅಕ್ಬರನ ಸೈನ್ಯ 1600ರಲ್ಲಿ ಅಹ್ಮದ್‌ನಗರ ಹಿಡೀತು. ಎರಡನೇ ಹೆಸರು ಷಾಜಹಾನನದ್ದು, ಹಿಜರಿ 1051. ಮೂರನೇದು ಇರಾನಿನ ಫತ್ ಅಲಿ ಷಾನದ್ದು. ಕಲ್ಲಿನ ಸುತ್ತ ಸಣ್ಣ ತೋಡು ಕೊರೆದಿದ್ದಾರೆ, ದಾರ ಕಟ್ಟಿ ತೂಗುಹಾಕೋಕೆ. ತಾವೆರ್ನಿಯೆ ಔರಂಗಜೇಬನ ಸಿಂಹಾಸನದ ಮುಂದೆ ಅರಸನ ಕಣ್ಣಿಗೆ ಕಾಣೋ ಹಾಗೆ ಎಂಬತ್ತು ತೊಂಬತ್ತು ಕ್ಯಾರೆಟ್‌ನ ವಜ್ರ ತೂಗ್ತಾ ಇತ್ತು, ಸುತ್ತ ಕೆಂಪು ಪಚ್ಚೆ ಇದ್ವು ಅಂತ ಬರೆದಿದ್ದಾನಲ್ಲ, ಅದು ಇದೇ ಅಂತ ಅನೇಕರ ಅಭಿಪ್ರಾಯ. 1829ರಲ್ಲಿ ಟೆಹರಾನ್‌ನಲ್ಲಿ ರಷ್ಯಾದ ರಾಯಭಾರಿ, ಲೇಖಕ ಗ್ರಿಬೊಯೆಡೋವ್ ಅವರನ್ನ ಜನರ ಗುಂಪು ಕೊಂದು ಹಾಕ್ತು, ಅದರ ತಪ್ಪೊಪ್ಪಿಗೆಯಾಗಿ ಇರಾನಿನ ರಾಜಕುಮಾರ ಈ ವಜ್ರ ತಗೊಂಡು ಹೋಗಿ ರಷ್ಯಾದ ತ್ಸಾರ್‌ಗೆ ಕೊಟ್ಟ.

ಇದೇ ಸಾಲಿಗೆ ಸೇರಬೇಕಿದ್ದ ಇನ್ನೊಂದು ವಜ್ರದ ವಿಷಯ ಹೇಳಿದ್ರೆ ಹೊಟ್ಟೆ ಉರಿಯುತ್ತೆ. ‘ಅಕ್ಬರ್ ಷಾ’ ಅಂತ ಅದರ ಹೆಸರು, ಅದರ ಮೇಲೂ ಅಕ್ಷರ ಇದ್ವು. 116 ಕ್ಯಾರೆಟ್ ಇದ್ದಿದ್ದನ್ನ 1866ರಲ್ಲಿ ಲಂಡನ್‌ನಲ್ಲಿ ಹೊಳಪು ಬರಲಿ ಅಂತ ಮತ್ತೆ ಕೊಯ್ಸಿದ್ರು. ಎಪ್ಪತ್ತರ ಆಸುಪಾಸಿಗೆ ಇಳೀತು, ಅಕ್ಷರಗಳು ಪುಡಿಯಾಗಿ ಹೋದ್ವು. ಆಮೇಲೆ ಬರೋಡಾದ ಗಾಯಕವಾಡರು ಕೊಂಡ್ರು. ಮಿಂಚು ಬಂತು, ಆದ್ರೆ ಹೆಸರು ಹೋಯ್ತು.

ಪ್ರಶ್ನೆ: ಮೊಘಲರ ಹಾರಗಳಲ್ಲಿ ನಮ್ಮ ಕಡೆಯ ವಜ್ರ ಇದ್ವಾ? ಬಿಜಾಪುರ ಸೀಮೆಯಲ್ಲಿ ವಜ್ರದ ಗಣಿ ಇತ್ತು ಅಂತ ನಮ್ಮಜ್ಜ ಹೇಳ್ತಿದ್ರು. – ವಿಜಯಪುರದಿಂದ

ಉತ್ತರ: ನಿಮ್ಮಜ್ಜ ಹೇಳಿದ್ದಕ್ಕೆ ಆಧಾರ ಇದೆ ರೀ. ಬ್ರೆಜಿಲ್‌ನಲ್ಲಿ ವಜ್ರ ಸಿಕ್ಕಿದ್ದು 1720ರ ದಶಕದಲ್ಲಿ, ಅಲ್ಲಿಯ ತನಕ ಪ್ರಪಂಚಕ್ಕೆ ವಜ್ರ ಅಂದ್ರೆ ಬಹುಪಾಲು ಭಾರತ, ಅದರಲ್ಲೂ ಕೃಷ್ಣಾ ಪೆನ್ನಾರ್ ಕಣಿವೆ. ಗೋಲ್ಕೊಂಡಾ ಅಂತ ಹೆಸರಾಯ್ತು, ಆದ್ರೆ ಅದು ಗಣಿ ಅಲ್ಲ, ಪೇಟೆ. ತಾವೆರ್ನಿಯೆ ತಾನು ಮೊದಲು ನೋಡಿದ ಗಣಿ ಬಿಜಾಪುರದ ಅರಸನ ಸೀಮೆಯಲ್ಲಿ, ಕರ್ನಾಟಕ ಪ್ರಾಂತ್ಯದಲ್ಲಿತ್ತು, ಊರಿನ ಹೆಸರು ರಾವೋಲ್ಕೊಂಡಾ, ಗೋಲ್ಕೊಂಡಾದಿಂದ ಐದು ದಿನದ ದಾರಿ, ಬಿಜಾಪುರದಿಂದ ಎಂಟೋ ಒಂಬತ್ತೋ ದಿನದ ದಾರಿ ಅಂತ ಬರೆದಿದ್ದಾನೆ. ಅದನ್ನ ಈಗಿನ ಕರ್ನೂಲು ಜಿಲ್ಲೆಯ ರಾಮಳ್ಳಕೋಟ ಅಂತ ಗುರುತಿಸಿದ್ದಾರೆ, ಅಂದ್ರೆ ಜಾಗ ಈಗ ಆಂಧ್ರದ್ದು, ಆಗ ಆದಿಲ್ ಶಾಹಿಗಳದ್ದು.

ಅವನು ಕಂಡಿದ್ದನ್ನ ಓದಿದ್ರೆ ಕಣ್ಣ ಮುಂದೆ ಬರುತ್ತೆ. ಬಂಡೆ ಸಂದಿಯಲ್ಲಿ ಬೆರಳಗಲ, ಅರ್ಧ ಬೆರಳಗಲದ ಬಿರುಕು, ಅದರೊಳಗೆ ತುದಿ ಬಾಗಿಸಿದ ಕಬ್ಬಿಣದ ಸಲಾಕೆ ಹಾಕಿ ಮಣ್ಣು ಮರಳು ಎಳೆದು ತೆಗೆಯೋದು, ತೊಳೆದು ಹುಡುಕೋದು. ಇನ್ನೊಂದು ಕಡೆ ಬೆಳಿಗ್ಗೆ ಊರ ನಡುವಿನ ಮರದ ಕೆಳಗೆ ವರ್ತಕರ ಮನೆಯ ಹುಡುಗರು, ಹದಿನೈದು ಹದಿನಾರು ದಾಟದವರು, ಸೊಂಟದ ಒಂದು ಪಕ್ಕ ತೂಕದ ಬಟ್ಟುಗಳ ಚೀಲ, ಇನ್ನೊಂದು ಪಕ್ಕ ಹಣದ ಚೀಲ ಕಟ್ಕೊಂಡು ಕೂತಿರ್ತಾರೆ. ಯಾರಾದ್ರೂ ಕಲ್ಲು ತಂದ್ರೆ ಎಲ್ಲರಿಗಿಂತ ದೊಡ್ಡ ಹುಡುಗನ ಕೈಗೆ ಕೊಡ್ತಾರೆ, ಅವನು ನೋಡಿ ಪಕ್ಕದವನಿಗೆ, ಅವನು ಇನ್ನೊಬ್ಬನಿಗೆ, ಯಾರೂ ಮಾತಾಡಲ್ಲ.

ದೊಡ್ಡವರ ವ್ಯಾಪಾರ ಇನ್ನೂ ಮೌನ. ಎದುರುಬದುರು ಕೂತು, ಬಟ್ಟೆ ಕೆಳಗೆ ಕೈ ಹಿಡ್ಕೊಂಡು ರೇಟ್ ಹೇಳೋದು. ಇಡೀ ಕೈ ಹಿಡಿದ್ರೆ ಸಾವಿರ, ಒಂದು ಬೆರಳು ಹಿಡಿದ್ರೆ ನೂರು, ಬೆರಳಿನ ನಡು ಗಂಟಿನ ತನಕ ಹಿಡಿದ್ರೆ ಐವತ್ತು, ಬರೀ ತುದಿ ಹಿಡಿದ್ರೆ ಹತ್ತು. ಸುತ್ತ ಕೂತವರಿಗೆ ಒಂದಕ್ಷರ ಗೊತ್ತಾಗ್ತಿರಲಿಲ್ಲ. ನಮ್ಮ ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ಎತ್ತಿನ ಜೋಡಿಗೆ ರೇಟ್ ಕಟ್ಟೋದನ್ನ ನಾನು ಚಿಕ್ಕವನಿದ್ದಾಗ ಬಾಯಿಬಿಟ್ಕೊಂಡು ನೋಡಿದ್ದೀನಿ. ತಾವೆರ್ನಿಯೆ ಬರೆದ ಈ ಪುಟ ಓದಿದಾಗ ಮೈ ಜುಮ್ಮಂತು, ನಮ್ಮ ಜಾತ್ರೆಯಲ್ಲಿ ಕಂಡಿದ್ದೇ ಇಲ್ಲಿ ವಜ್ರದ ಪೇಟೆಯಲ್ಲಿ.

ಆದ್ರೆ ಇಂಥ ಹಾರದ ಇಂಥ ಕಲ್ಲು ಇಂಥ ಗಣಿಯದ್ದೇ ಅಂತ ಯಾರಾದ್ರೂ ಹೇಳಿದ್ರೆ ಕಾಗದ ಕೇಳಿ. ಗೋಲ್ಕೊಂಡಾ ಅನ್ನೋ ಮಾತನ್ನ ಈಗ ತುಂಬಾ ಶುದ್ಧವಾದ, ಸಾರಜನಕದ ಅಂಶ ಹೆಚ್ಚೂಕಡಿಮೆ ಇಲ್ಲದ ವಜ್ರಕ್ಕೆ ಒಂದು ದರ್ಜೆಯ ಹಾಗೂ ಬಳಸ್ತಾರೆ. ಅದು ಲ್ಯಾಬ್ ಹೇಳೋ ಗುಣ, ಊರಿನ ವಿಳಾಸ ಅಲ್ಲ.

ಪ್ರಶ್ನೆ: ಇಂಥ ಒಡವೆ ನಮ್ಮ ದೇಶದಲ್ಲೇ ನೋಡೋಕೆ ಸಿಗುತ್ತಾ? – ಬಳ್ಳಾರಿಯಿಂದ

ಉತ್ತರ: ಹೈದರಾಬಾದ್ ನಿಜಾಮರ ಒಡವೆಗಳನ್ನ ಭಾರತ ಸರ್ಕಾರ 1995ರಲ್ಲಿ ಸುಮಾರು 218 ಕೋಟಿ ರೂಪಾಯಿಗೆ ಕೊಂಡಿದೆ, ಒಟ್ಟು 173 ಒಡವೆ. ರಿಸರ್ವ್ ಬ್ಯಾಂಕಿನ ಭದ್ರತೆಯಲ್ಲಿರುತ್ತೆ, ಯಾವಾಗಲೋ ಒಮ್ಮೆ ಪ್ರದರ್ಶನಕ್ಕೆ ತರ್ತಾರೆ, 2019ರಲ್ಲಿ ದೆಹಲಿಯ ನ್ಯಾಷನಲ್ ಮ್ಯೂಸಿಯಂನಲ್ಲಿ ಇಟ್ಟಿದ್ರು. ಅವೆಲ್ಲಾ ಮೊಘಲ್ ಕಾಲದ್ದಲ್ಲ, ಹೆಚ್ಚಿನವು ಆಮೇಲಿನವು. ಆದ್ರೂ ಮುಂದಿನ ಸಲ ಪ್ರದರ್ಶನ ಅಂತ ಸುದ್ದಿ ಬಂದ್ರೆ ರೈಲು ಹತ್ತಿಬಿಡಿ.

ಪ್ರಶ್ನೆ: ನಮ್ಮಜ್ಜಿಯ ಏಳು ಹರಳಿನ ವಜ್ರದ ಬೆಂಡೋಲೆ ಇದೆ. ಮೊಘಲರ ಕಾಲದ ವಜ್ರ, ಯಾವುದೋ ನವಾಬರ ಹಾರದಿಂದ ಬಿಚ್ಚಿದ್ದು ಅಂತ ಮನೆಯಲ್ಲಿ ಎಲ್ಲರೂ ಹೇಳ್ತಾರೆ. ಅಂಗಡಿಯವರು ಹಳೇದು ಕೊಟ್ಟು ಹೊಸದು ತಗೊಳ್ಳಿ ಅಂತಿದ್ದಾರೆ. ಏನು ಮಾಡಲಿ? – ಉಡುಪಿಯ ಗೃಹಿಣಿ

ಉತ್ತರ: ಅಕ್ಕಾ, ದಯವಿಟ್ಟು ಈಗಲೇ ಕೊಡಬೇಡಿ. ಮೊದಲು ಮನೆಯಲ್ಲೇ ನೀವೇ ನೋಡಬಹುದಾದ್ದನ್ನ ಹೇಳ್ತೀನಿ. ಒಳ್ಳೆ ಬೆಳಕಲ್ಲಿ ಹರಳಿನ ಮೇಲ್ಭಾಗ ನೋಡಿ. ಪೂರ್ತಿ ಚಪ್ಪಟೆ, ಅಂಚು ಸ್ವಲ್ಪ ಸೊಟ್ಟ, ಏಳಕ್ಕೆ ಏಳೂ ಬೇರೆ ಬೇರೆ ಆಕಾರ ಇದ್ರೆ ಹಳೇ ಭಾರತೀಯ ಕೊಯ್ತ ಇರಬಹುದು. ದುಂಡಗೆ ಇದ್ದು ಒಳಗೆ ಮುಖಗಳು ಕತ್ತರಿ ಹಾಕಿದ ಹಾಗೆ ಮಿಂಚಿದ್ರೆ ಅದು ಮೊಘಲ್ ಕೊಯ್ತ ಅಲ್ಲ. ನಮ್ಮ ಕಡೆ ಹಳೇ ಬೆಂಡೋಲೆಗಳಲ್ಲಿ ಜಾಸ್ತಿ ಸಿಗೋದು ಬ್ಲೂ ಜಾಗರ್ ವಜ್ರ. ಆ ಹೆಸರು ಬಂದಿದ್ದು ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೈನ್ ಗಣಿಯಿಂದ, ಅಲ್ಲಿ ವಜ್ರ ಸಿಕ್ಕಿದ್ದೇ 1870ರಲ್ಲಿ. ಹಾಗಿದ್ರೆ ನವಾಬರ ಕತೆ ನಿಲ್ಲಲ್ಲ. ಅದರಿಂದ ಓಲೆಯ ಬೆಲೆ ಏನೂ ಕಮ್ಮಿ ಆಗಲ್ಲ, ಅಜ್ಜಿ ಕಿವಿಯಲ್ಲಿ ಇದ್ದದ್ದು ನಿಜ ಅಲ್ವಾ.

ಆಮೇಲೆ ಹಿಂಬದಿ ತಿರುಗಿಸಿ. ಹಿಂದೆ ಚಿನ್ನದ ತಗಡು ಮುಚ್ಚಿದೆಯಾ, ಅದರ ಮೇಲೆ ಏನಾದ್ರೂ ಗೀರು, ಅಕ್ಷರ, ಮುದ್ರೆ ಇದೆಯಾ ನೋಡಿ. ಹಳೇ ಒಡವೆ ಬಗ್ಗೆ ಮುಂಭಾಗಕ್ಕಿಂತ ಹಿಂಭಾಗ ಜಾಸ್ತಿ ಹೇಳುತ್ತೆ. ಇದನ್ನ ನಾನು ಕಲಿತಿದ್ದು ಕಳ್ಕೊಂಡ ಮೇಲೆ. ನಮ್ಮಜ್ಜಿಯ ಅಡ್ಡಿಗೆ ಒಂದಿತ್ತು, ಕೆಂಪು ಕಲ್ಲಿಂದು, ಅದನ್ನ ಯಾವತ್ತೂ ತಾತನ ನಶ್ಯದ ಡಬ್ಬಿಯಲ್ಲೇ ಇಡ್ತಿದ್ರು. ಡಬ್ಬಿ ತೆಗೆದ್ರೆ ನಶ್ಯದ ಘಾಟು, ತಳದಲ್ಲಿ ನಾಲ್ಕು ಮಡಿಕೆ ಮಾಡಿದ ಹಳದಿ ಚೀಟಿ, ಮಸಿಯಲ್ಲಿ ಯಾರೋ ಬರೆದಿದ್ದು, ಹರಳು ಇಷ್ಟು, ತೂಕ ಇಷ್ಟು, ಯಾರ ಮದುವೆಗೆ ಯಾರು ಮಾಡಿಸಿದ್ದು ಅಂತ. ಪಾಲಿಷ್‌ಗೆ ಅಂತ ಒಂದು ಅಂಗಡಿಗೆ ಡಬ್ಬಿ ಸಮೇತ ಕೊಟ್ವಿ. ವಾಪಸ್ ಬಂದಾಗ ಅಡ್ಡಿಗೆ ಹೊಸದರ ಹಾಗೆ ಫಳಫಳ, ಹಿಂದಿನ ಹಳೇ ತಗಡು ಕಿತ್ತು ಹೊಸದು ಹಾಕಿದ್ರು, ಡಬ್ಬಿ ಬದಲು ವೆಲ್ವೆಟ್ ಬಾಕ್ಸು. ಚೀಟಿ ಎಲ್ಲಿ ಅಂದ್ರೆ, ಅದು ಕಸ ಅಂತ ಬಿಸಾಕಿದ್ವಿ ಅಂದ್ರು. ಅಮ್ಮ ಅಳ್ತಾ ಕೂತುಬಿಟ್ರು. ಆ ಚೀಟಿಯಲ್ಲಿದ್ದ ತೂಕ ಎಷ್ಟು, ವರ್ಷ ಯಾವುದು ಅಂತ ಈಗ ಮನೆಯಲ್ಲಿ ಒಬ್ಬರಿಗೂ ನೆನಪಿಲ್ಲ.

ಹಾಗಾಗಿ ಅಕ್ಕಾ, ಇವತ್ತೇ ಓಲೆಯ ಮುಂದೆ ಹಿಂದೆ ಎರಡೂ ಕಡೆ ಫೋಟೋ ತೆಗೆದಿಡಿ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು. ಮನೆಯಲ್ಲಿ ಹಿರಿಯರು ಯಾರಾದ್ರೂ ಇದ್ರೆ, ಯಾರಿಂದ ಯಾರಿಗೆ ಬಂತು, ಯಾವಾಗ ಬಂತು ಅಂತ ಅವರು ಹೇಳಿದ ಹಾಗೇ ಬರೆದು, ತಾರೀಕು ಹಾಕಿ, ಅವರ ಸಹಿ ತಗೊಳ್ಳಿ. ಹರಳು ಬಿಚ್ಚದೇ ಪರೀಕ್ಷೆ ಮಾಡೋ ಜೆಮ್ ಲ್ಯಾಬ್‌ಗಳಿವೆ, ಬೆಂಗಳೂರಿಗೆ ಬಂದಾಗ ತೋರಿಸಿ, ರಿಪೋರ್ಟ್ ಬರೋ ತನಕ ಅಂಗಡಿಯವರಿಗೆ ಏನೂ ಹೇಳಬೇಡಿ. ನಮಗೂ ಆ ಫೋಟೋ ಕಳಿಸಿ, ಹಿಂಬದಿದು ಮುಖ್ಯ. ಓಲೆ ಇಟ್ಟ ಡಬ್ಬಿಯ ತಳದಲ್ಲಿ ಚೀಟಿ ಏನಾದ್ರೂ ಸಿಕ್ಕಿದ್ರೆ ಅದರದ್ದೂ.